ನಮ್ಮ ಬ್ಯಾಂಡಿನ ಒಂದೇ ಕ್ಯಾಸೆಟ್ಟು

ನಾವು ಮೂವರು ಸೇರಿ ಕಟ್ಟಿದ ಬ್ಯಾಂಡಿಗೆ ಒಂದು ಹೆಸರಿತ್ತು. ಮೂರು ತಿಂಗಳು ಜಗಳವಾಡಿ ಇಟ್ಟ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಐವತ್ತರ ಹತ್ತಿರ ಬಂದು ಬಿ.ಪಿ. ಮಾತ್ರೆ ನುಂಗುವ ಮನುಷ್ಯ ಬರೆಯಬಹುದಾದ ಹೆಸರಲ್ಲ ಅದು. ಬ್ಯಾಂಡು ಒಂದು ವರ್ಷ ಚಿಲ್ಲರೆ ಬದುಕಿತು. ಮೂರು ಕಾರ್ಯಕ್ರಮ, ನಾಲ್ಕು ಹಾಡು, ಒಂದು ಕ್ಯಾಸೆಟ್ಟು. ಆ ಕ್ಯಾಸೆಟ್ಟಿನಲ್ಲಿ ಈಗ ನಮ್ಮ ಹಾಡುಗಳಿರುವ ಜಾಗದಲ್ಲಿ ಮೊದಲು ಒಬ್ಬ ಹೆಂಗಸಿನ ದನಿ ಇತ್ತು. ಆ ದನಿ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಅದನ್ನು ಅಳಿಸಿದವನು ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಇದ್ದು ನೋಡಿಯಾಗಿದೆ, ಅರ್ಧ ಆಯುಷ್ಯ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ.

ತೊಂಬತ್ತರ ದಶಕದ ನಡುಭಾಗ. ನಾವಿದ್ದದ್ದು ಒಮಾನಿನ ಸೀಬ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರ. ನನ್ನ ಅಪ್ಪ ಕಾರ್ಗೋ ಆಫೀಸಿನಲ್ಲಿ ಗುಮಾಸ್ತ. ಬ್ಯಾಂಡಿನ ಇನ್ನಿಬ್ಬರು ನನ್ನ ತರಗತಿಯವರೇ. ಹೆಸರು ಹೇಳದಿದ್ದರೆ ಅವರು ಬೇಸರಿಸುವುದಿಲ್ಲ, ಹೇಳಿದರೆ ಬೇಸರಿಸಬಹುದು. ಹಾಗಾಗಿ ಒಬ್ಬ ಗಿಟಾರಿನವ, ಇನ್ನೊಬ್ಬ ಡ್ರಮ್ಮಿನವ. ಗಿಟಾರಿನವ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವನು, ಹಾಡುತ್ತಿದ್ದವನೂ ಅವನೇ. ಡ್ರಮ್ಮಿನವನ ಅಪ್ಪ ಅಲ್ ಮಬೇಲಾದ ಒಂದು ಗ್ಯಾರೇಜಿನಲ್ಲಿ ಫೋರ್ಮನ್. ನನ್ನದು ಬಾಸ್ ಗಿಟಾರು. ಬಾಸ್ ಯಾಕೆ ಎಂದರೆ ಅದಕ್ಕೆ ನಾಲ್ಕೇ ತಂತಿ. ತುಂಡಾಗುವ ಸಾಧ್ಯತೆ ಇರುವ ವಸ್ತುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬ ಲೆಕ್ಕಾಚಾರ ನನಗೆ ಹದಿನಾರಕ್ಕೇ ಬಂದಿತ್ತು.

ನಾವು ಬಾರಿಸುವುದಕ್ಕೆ ಪಾಪ್-ಪಂಕ್ ಎನ್ನುತ್ತಾರೆಂದು ನಮಗೆ ಗೊತ್ತಿರಲಿಲ್ಲ. ರೂವಿಯ ಕ್ಯಾಸೆಟ್ ಅಂಗಡಿಯ ಮಲಯಾಳಿ ಅದರ ಮೇಲೆ ‘ಇಂಗ್ಲಿಷ್ ಫಾಸ್ಟ್’ ಎಂದು ಚೀಟಿ ಅಂಟಿಸಿಟ್ಟಿದ್ದ. ಮೂರು ಕಾರ್ಡ್, ಎರಡು ನಿಮಿಷ, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುವ ಡ್ರಮ್ಮು, ಮೂಗಿನಲ್ಲಿ ಹಾಡುವ ಹುಡುಗ. ದುಃಖದ ಸಂಗತಿಯನ್ನು ಖುಷಿಯ ರಾಗದಲ್ಲಿ ಕಿರುಚುವುದು. ಗಿಟಾರಿನವ ಮೊದಲ ಸಲ ಕೇಳಿದವನೇ ಹೇಳಿದ:

“ಇದು ನಮಗೆ ಆಗ್ತದೆ ಮಾರಾಯ. ಇದಕ್ಕೆ ಜಾಸ್ತಿ ಏನೂ ಬರುವುದೇ ಬೇಡ.”

ಆ ಹಾಡುಗಳಲ್ಲಿ ಹುಡುಗರು ಮನೆ ಬಿಟ್ಟು ಓಡಿಹೋಗುತ್ತಿದ್ದರು. ನಾವು ಓಡುವುದೆಲ್ಲಿಗೆ? ಕಾರಿಲ್ಲದೆ ಸೀಬ್‌ನಲ್ಲಿ ಒಂದು ಡಬ್ಬಿ ಹಾಲು ತರಲಿಕ್ಕೂ ಆಗುವುದಿಲ್ಲ. ನಮ್ಮ ವೀಸಾ ಅಪ್ಪನ ಮೇಲೆ, ಅಪ್ಪನ ವೀಸಾ ಕೆಲಸ ಕೊಟ್ಟ ಅರಬ್ಬಿ ಧಣಿ ಕಫೀಲ್‌ನ ಮೇಲೆ. ಮಗ ಗೋಡೆಯ ಮೇಲೆ ಏನಾದರೂ ಗೀಚಿದರೆ ಅಪ್ಪ ಊರಿಗೆ ಹೋಗಬೇಕಾಗುತ್ತದೋ ಎಂದು ನಾನು ನಿಜಕ್ಕೂ ಹೆದರಿದ್ದೆ. ನಮ್ಮ ದಂಗೆ ಸಂಜೆ ಏಳಕ್ಕೆ ಮುಗಿಯಬೇಕಿತ್ತು; ಗಿಟಾರಿನವನ ಮನೆಯಲ್ಲಿ ಆಗ ರೋಜರಿ ಪ್ರಾರ್ಥನೆ. ಡ್ರಮ್ ಸೆಟ್ಟು ದೂರದ ಗಡಿಯೂರು ಬುರೈಮಿಯ ಹಳೆಸಾಮಾನಿನ ಅಂಗಡಿಯದು. ಗ್ಯಾರೇಜಿನ ಪಿಕಪ್ಪಿನಲ್ಲಿ ಅದು ಬಂದ ದಿನ, ದಾರಿಯ ಚೆಕ್‌ಪೋಸ್ಟಿನಲ್ಲಿ ಪೋಲೀಸಿನವ ಕೇಳಿದರೆ ಏನು ಹೇಳಬೇಕೆಂದು ನಾನು ಚೀಟಿ ಬರೆದುಕೊಟ್ಟಿದ್ದೆ. ಯಾರೂ ಕೇಳಲಿಲ್ಲವಂತೆ.

ಮೊದಲ ಕಾರ್ಯಕ್ರಮ ಆ ಗ್ಯಾರೇಜಿನಲ್ಲೇ, ಒಂದು ಶುಕ್ರವಾರ ಬೆಳಿಗ್ಗೆ. ಪ್ರೇಕ್ಷಕರು ಡ್ರಮ್ಮಿನವನ ಅಪ್ಪ ಮತ್ತು ಒಬ್ಬ ಪಠಾಣ ಡೆಂಟರ್, ಕಾರಿನ ತಗ್ಗು ಬಡಿದು ನೇರ ಮಾಡುವವನು. ನಮ್ಮ ಎರಡು ಹಾಡು ಮುಗಿದ ಮೇಲೆ ಅವನು ಬಹಳ ಮರ್ಯಾದೆಯಿಂದ ಕೇಳಿದ, “ಬಹುತ್ ಅಚ್ಛಾ. ಗಾನಾ ಕಬ್ ಶುರೂ ಹೋಗಾ?”

ಗಿಟಾರಿನವ ಪಠಾಣನ ಸುತ್ತಿಗೆ ಬಡಿತವನ್ನೇ ಹಿಡಿದು ಅಲ್ಲೇ ಒಂದು ಹೊಸ ಹಾಡಿಗೆ ಲಯ ಮಾಡಿಕೊಂಡ. ಅವನು ಅಂಥವನು. ನಾನು ಮಾತ್ರ, ಪಠಾಣನಿಗೆ ನಮ್ಮಿಂದ ತಲೆನೋವು ಬಂತೋ ಏನೋ ಎಂದು ವಾರವಿಡೀ ಯೋಚಿಸಿದೆ.

ಈಗ ಗಿಟಾರಿನವನ ಮನೆಯ ವಿಷಯ. ಅವನಿಗೆ ಅಮ್ಮ ಇರಲಿಲ್ಲ. ಅವನ ಪಪ್ಪ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಎಂಬತ್ತರ ದಶಕವಿಡೀ ಅವರು ಇಲ್ಲಿ ಒಂಟಿಯಾಗಿ ದುಡಿದವರು. ಸಂಸಾರವನ್ನು ಕರೆಸಿಕೊಳ್ಳುವ ವೀಸಾ ಅವರಿಗೆ ಸಿಕ್ಕಿದ್ದು ಹೆಂಡತಿ ತೀರಿಕೊಂಡು ಎಂಟು ತಿಂಗಳಾದ ಮೇಲೆ. ಇಬ್ಬರಿಗಾಗಿ ಕೊಟ್ಟ ಅರ್ಜಿಯಲ್ಲಿ ಮಗ ಒಬ್ಬನೇ ಬಂದ. ಎತ್ತರದ ಮನುಷ್ಯ, ಮೆಲ್ಲಗೆ ಮಾತು. ನಮ್ಮನ್ನೆಲ್ಲ “ಪುತಾ”, ಮಗನೇ, ಎಂದೇ ಕರೆಯುತ್ತಿದ್ದರು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: “ಎಂತ ಪುತಾ, ನಿನ್ನ ನಾಲ್ಕು ತಂತಿ ಎಲ್ಲಿವರೆಗೆ ಬಂತು?”

ಆ ಕಾಲದಲ್ಲಿ ನಮ್ಮವರು ಊರಿಗೆ ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದು ಹೆಚ್ಚು. ಬರೆಯಲು ಬಾರದ ಅಜ್ಜಿಯರಿಗೂ ಮಾತಾಡಲು ಬರುತ್ತದಲ್ಲ. ರಜೆಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ಟು ಹೋಗುತ್ತಿತ್ತು, ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ವಾಪಸು ಬರುತ್ತಿತ್ತು. ಒಂದೇ ಕ್ಯಾಸೆಟ್ಟು. ಊರಿನಿಂದ ಬಂದದ್ದನ್ನು ಮನೆಮಂದಿಯೆಲ್ಲ ಕೂತು ಎರಡು ಸಲ ಕೇಳುವುದು, ಆಮೇಲೆ ಅದರ ಮೇಲೆಯೇ ನಮ್ಮ ಉತ್ತರ ರೆಕಾರ್ಡ್ ಮಾಡಿ ಕಳಿಸುವುದು. ನಮ್ಮ ಮನೆಯ ಒಂದು ಕ್ಯಾಸೆಟ್ಟು ಆರು ವರ್ಷ ಹಾಗೆ ಓಡಾಡಿತ್ತು. ಅಜ್ಜಿಯ ಮಾತನ್ನು ನಾವು ಅಳಿಸಿ, ನಮ್ಮ ಮಾತನ್ನು ಅಜ್ಜಿ ಅಳಿಸಿ. ಅದರಲ್ಲಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಮಾತು ಕೇಳಿಯಾಯಿತಲ್ಲ, ಮತ್ತೆ ಇಟ್ಟುಕೊಂಡು ಏನು ಮಾಡುವುದು?

ಗಿಟಾರಿನವನ ಅಮ್ಮನೂ ಪಪ್ಪನೂ ಹೀಗೆಯೇ ಒಂದೇ ಕ್ಯಾಸೆಟ್ಟಿನಲ್ಲಿ ಸಂಸಾರ ಮಾಡಿದವರು. ಅವಳ ಕೊನೆಯ ಮಾತು ಬಂದು, ಇವರು ಇನ್ನೂ ಉತ್ತರ ತುಂಬಿರಲಿಲ್ಲ, ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಹಾಗಾಗಿ ಅಷ್ಟೂ ವರ್ಷಗಳ ಮಾತಿನಲ್ಲಿ ಉಳಿದದ್ದು ಒಂದು ಬದಿಯ ಇಪ್ಪತ್ತು ನಿಮಿಷ. ಪಪ್ಪ ಅದರ ತಲೆಯ ಮೇಲಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದರು. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ತಿಂಗಳಿಗೊಮ್ಮೆ, ಮೊದಲ ಶುಕ್ರವಾರ, ರೂವಿಯ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಅವರು ಅದನ್ನು ಕೇಳುತ್ತಿದ್ದರು. ಮಗ ಆ ಹೊತ್ತಿಗೆ ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ನಮ್ಮ ಜೊತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಮ್ಮ ಕಡೆಯವರ ಸಂಘವೊಂದಿತ್ತು. ಅದರ ವಾರ್ಷಿಕೋತ್ಸವಕ್ಕೆ ನಮ್ಮನ್ನು ಸೇರಿಸಿಕೊಳ್ಳಿ ಎಂದು ಗಿಟಾರಿನವ ಸಾಂಸ್ಕೃತಿಕ ಕಾರ್ಯದರ್ಶಿಯ ಬೆನ್ನು ಹತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ ಆ ಅಂಕಲ್ ಫೋನು ಮಾಡಿದರು.

“ನೀವು ಬಾರಿಸುವುದು ಎಂತದ್ದು ಅಂತ ಮೊದಲು ಕೇಳ್ಬೇಕು ನಾನು. ಆಚೆ ವರ್ಷ ಒಬ್ಬ ಮಿಮಿಕ್ರಿಯವ ಬಂದು ನಮ್ಮ ಅಧ್ಯಕ್ಷರನ್ನೇ ಮಾಡಿಬಿಟ್ಟ. ನಾಲ್ಕು ಗಂಟೆಗೆ ಆ ದಾರಿಯಲ್ಲಿ ಬರ್ತೇನೆ, ಕ್ಯಾಸೆಟ್ಟು ಕೊಡಿ. ಇಲ್ಲಾಂದ್ರೆ ಖಲಾಸ್.”

ಗಂಟೆ ಒಂದೂವರೆ. ಶುಕ್ರವಾರ ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಎಳೆದಿರುತ್ತವೆ. ಪಪ್ಪ ಸ್ಟೋರಿನ ಸ್ಟಾಕ್ ಲೆಕ್ಕಕ್ಕೆಂದು ಹೋಗಿದ್ದರು. ನಾವು ಗ್ಯಾರೇಜಿನ ಪಿಕಪ್ಪಿನಲ್ಲಿ ಡ್ರಮ್ಮು ತರಿಸಿ ಗಿಟಾರಿನವನ ಹಾಲಿನಲ್ಲಿಟ್ಟೆವು, ಸದ್ದು ಆಚೆ ಹೋಗದಂತೆ ಕಿಟಕಿಗೆ ಹಾಸಿಗೆ ಒರಗಿಸಿದೆವು. ಟೂ-ಇನ್-ವನ್ನಿನ ಹೆಡ್ಡನ್ನು ನಾನು ಅತ್ತರು ಮುಟ್ಟಿಸಿದ ಹತ್ತಿಯಲ್ಲಿ ಮೂರು ಸಲ ಒರಸಿದೆ. ಎಲ್ಲ ಆದ ಮೇಲೆ ನೆನಪಾಯಿತು, ಖಾಲಿ ಕ್ಯಾಸೆಟ್ಟಿಲ್ಲ.

“ಕಪಾಟಿನ ಮೇಲೆ ಬಿಸ್ಕತ್ತಿನ ಟಿನ್ನು ಉಂಟು ನೋಡು,” ಗಿಟಾರಿನವ ತಂತಿ ತಿರುವುತ್ತ ಹೇಳಿದ. “ಹಳೇದು ಯಾವುದಾದ್ರೂ ಇರ್ಬಹುದು.”

ಟಿನ್ನಿನಲ್ಲಿ ಮೂರು ಕ್ಯಾಸೆಟ್ಟು. ಎರಡರ ಮೇಲೆ ಭಕ್ತಿಗೀತೆಯ ಚಿತ್ರ. ಮೂರನೆಯದರ ಮೇಲೆ ಏನೂ ಬರೆದಿರಲಿಲ್ಲ. ಹೆಡ್ಡು ಸರಿಯಾಗಿದೆಯೇ ಎಂದು ನೋಡಲು ಹಾಕಿದೆ. ಒಬ್ಬ ಹೆಂಗಸು ಕೊಂಕಣಿಯಲ್ಲಿ ಮಾತಾಡತೊಡಗಿದಳು. ಎರಡು ಸೆಕೆಂಡು ಕೇಳಿ ನಿಲ್ಲಿಸಿದೆ. ಊರಿನ ಕ್ಯಾಸೆಟ್ಟು. ನಮ್ಮ ಮನೆಯಲ್ಲಿದ್ದಂಥದ್ದೇ. ಅದರ ಮೇಲೆ ರೆಕಾರ್ಡ್ ಮಾಡುವುದು ಎಂದರೆ ನನಗೆ ಕೇಳಿ ಬಿಟ್ಟದ್ದರ ಮೇಲೆ ಉತ್ತರ ಹೇಳಿದ ಹಾಗೆ, ಅಷ್ಟೇ. ಗುಂಡಿ ಒತ್ತಿದರೆ ಇಳಿಯಲಿಲ್ಲ. ನೋಡಿದರೆ ತಲೆಯ ಮೇಲಿನ ಚೂರುಗಳು ಮುರಿದಿವೆ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟುಗಳೂ ಹಾಗೆಯೇ ಬರುತ್ತವೆ, ತೂತಿಗೆ ಸೆಲ್ಲೋಟೇಪು ಹಚ್ಚಿ ಎಲ್ಲರೂ ಬಳಸುತ್ತಾರೆ. ನಾನೂ ಹಚ್ಚಿದೆ. ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ಎಂದು ದಾರಿಯಿಂದ ವಾಪಸು ಬರುವವನು, ಪಾಸ್‌ಪೋರ್ಟಿನ ತಾರೀಕನ್ನು ದಿನಾ ರಾತ್ರಿ ನೋಡುವವನು, ಅವತ್ತು ಒಂದು ಕ್ಷಣವೂ ಚಿಂತೆ ಮಾಡಲಿಲ್ಲ. ಜೀವಮಾನದಲ್ಲಿ ನಾನು ನಿಶ್ಚಿಂತೆಯಿಂದ ಮಾಡಿದ ಕೆಲಸ ಅದೊಂದೇ.

ಗಿಟಾರಿನವ ಬಂದು ಗುಂಡಿ ಒತ್ತಿದ. “ವನ್, ಟೂ, ತ್ರೀ, ಫೋರ್.”

ಮೊದಲನೆಯದು ಸ್ಕೂಲ್ ಬಸ್ಸಿನ ಹಾಡು. ಎರಡನೆಯದು ಅವನ ಮನೆಯ ಸೋರುವ ಏಸಿಯ ಮೇಲೆ. ಮೂರನೆಯದು ಕೆಮಿಸ್ಟ್ರಿ ನೋಟ್ಸು ಕೊಡದ ಹುಡುಗಿಯ ಮೇಲೆ. ಅದರ ನಡುವೆ ಒಂದು ವಿಮಾನ ಇಳಿದು, ನಾನು ಕಿಟಕಿ ನೋಡಿ, ಬಾಸ್ ತಪ್ಪಿತು. ನಾಲ್ಕನೆಯದು ನಾನು ಬರೆದದ್ದು, ಎಲ್ಲರೂ ಒಂದು ದಿನ ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಹೋಗುವವರೇ ಎಂದು. ಎಲ್ಲ ಸೇರಿ, ನಡುವಿನ ನಗು ಜಗಳ ಸೇರಿ, ಹದಿನೈದು ನಿಮಿಷ.

ಕಾರ್ಯದರ್ಶಿ ಅಂಕಲ್ ಕೇಳಿ ಒಪ್ಪಿದರು. “ಒಂದೇ ಹಾಡು. ಮತ್ತೆ ಅಷ್ಟು ಬೊಬ್ಬೆ ಬೇಡ.” ಕ್ಯಾಸೆಟ್ಟನ್ನು ವಾಪಸು ಕೊಟ್ಟರು. ಅಚ್ಚುಕಟ್ಟಿನ ಮನುಷ್ಯನಾದ ನಾನು ಅದನ್ನು ಎಲ್ಲಿಂದ ತೆಗೆದಿದ್ದೆನೋ ಅಲ್ಲೇ, ಟಿನ್ನಿನಲ್ಲೇ, ಇಟ್ಟೆ.

ಮುಂದಿನ ಮೊದಲ ಶುಕ್ರವಾರ ಡ್ರಮ್ಮಿನವನಿಗೆ ಜ್ವರ. ಗ್ಯಾರೇಜಿಗೆ ಹೋಗದೆ ಗಿಟಾರಿನವನ ಕೋಣೆಯಲ್ಲಿ ಅವನೂ ನಾನೂ ಅಭ್ಯಾಸ ಮಾಡುತ್ತಿದ್ದೆವು. ಪಪ್ಪ ಪೂಜೆ ಮುಗಿಸಿ ಬಂದರು. ಹಾಲಿನಲ್ಲಿ ಟಿನ್ನು ತೆಗೆದ ಸದ್ದು, ಕ್ಯಾಸೆಟ್ಟು ಹಾಕಿದ ಸದ್ದು, ಆಮೇಲೆ “ವನ್, ಟೂ, ತ್ರೀ, ಫೋರ್.” ನನಗೆ ಖುಷಿಯಾಯಿತು, ಪಪ್ಪ ನಮ್ಮ ಹಾಡು ಕೇಳುತ್ತಿದ್ದಾರೆ ಎಂದು. ಗಿಟಾರಿನವನ ಮುಖ ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ.

“ಅದು ಡ್ರಾವರಿನಲ್ಲಿ ಇತ್ತಲ್ಲ,” ಅವನು ತನಗೇ ಎಂಬಂತೆ ಹೇಳಿದ. “ಪಾಸ್‌ಪೋರ್ಟಿನ ಹತ್ತಿರ ಇತ್ತಲ್ಲ ಯಾವಾಗ್ಲೂ.”

ಏಸಿಯ ನೀರು ಡ್ರಾವರಿಗೆ ತೊಟ್ಟಿಕ್ಕುತ್ತದೆಂದು ಪಪ್ಪ ಅದನ್ನು ಆ ತಿಂಗಳು ಟಿನ್ನಿಗೆ ಹಾಕಿದ್ದರು. ನಾವು ಹಾಡು ಕಟ್ಟಿದ್ದ ಅದೇ ಏಸಿ.

ಹಾಲಿಗೆ ಹೋದೆವು. ಪಪ್ಪ ಕುರ್ಚಿಯಲ್ಲಿ ಕೂತಿದ್ದರು, ಚರ್ಚಿಗೆ ಹಾಕಿಕೊಂಡ ಅಂಗಿಯಲ್ಲೇ. ನಿಲ್ಲಿಸಲಿಲ್ಲ. ನಾಲ್ಕೂ ಹಾಡು ಕೇಳಿದರು. ನಾಲ್ಕನೆಯದರ ಕೊನೆಗೆ ಟಕ್ ಎಂದು ಒಂದು ಸದ್ದು, ಮತ್ತೆ ಆ ಹೆಂಗಸಿನ ದನಿ, ಒಂದು ವಾಕ್ಯದ ನಡುವಿನಿಂದ. ಅವಳು ಮಲ್ಲಿಗೆಯ ವಿಷಯ ಹೇಳುತ್ತಿದ್ದಳು: ಗಿಡಕ್ಕೆ ಹುಳ ಬಿದ್ದದ್ದು, ಬೆಳಗಿನ ಬಸ್ಸಿಗೆ ಹೂವಿನ ಚೆಂಡು ಕಟ್ಟಿ ಕೊಡಬೇಕಾದದ್ದು, ಮಗನಿಗೆ ಶೂ ಚಿಕ್ಕದಾದದ್ದು. ಐದು ನಿಮಿಷ. ಹಿಂದೆಲ್ಲೋ ಬಸ್ಸಿನ ಹಾರ್ನು. “ಇಡ್ತೇನೆ, ಟೇಪು ಮುಗೀತದೆ,” ಎಂದಳು. ಮುಗಿಯಿತು.

ಪಪ್ಪ ಕ್ಯಾಸೆಟ್ಟು ಹೊರತೆಗೆದು ಬೆಳಕಿಗೆ ಹಿಡಿದರು. ತಲೆಯ ಮೇಲಿನ ಸೆಲ್ಲೋಟೇಪನ್ನು ಹೆಬ್ಬೆರಳಲ್ಲಿ ಸವರಿದರು.

“ಇದು ಹಚ್ಚಿದ್ದು ಯಾರು?”

“ನಾನು ಪಪ್ಪಾ,” ಎಂದ ಗಿಟಾರಿನವ.

ನಾನು ನೆಲ ನೋಡುತ್ತ ನಿಂತಿದ್ದೆ. ಹೇಳಬಹುದಿತ್ತು. ಒಂದು ಶಬ್ದ ಸಾಕಿತ್ತು. ಹೇಳಿದರೆ ಪಪ್ಪ ನಮ್ಮಪ್ಪನಿಗೆ ಹೇಳಿಯಾರು, ಅಪ್ಪ ಬಾಸ್ ಮಾರಿಯಾನು, ಇವನು ನನ್ನ ಜೊತೆ ಮಾತು ಬಿಟ್ಟಾನು. ಒಂದು ಕ್ಷಣದಲ್ಲಿ ನೂರು ಚಿಂತೆ ಬಂತು, ಒಂದು ಮಾತು ಬರಲಿಲ್ಲ.

ಪಪ್ಪ ಮಗನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ. “ಆಯ್ತು,” ಎಂದರು. ಆಮೇಲೆ, “ಊಟ ಮಾಡಿದ್ರಾ ಪುತಾ ನೀವು?”

ಸಂಘದ ವಾರ್ಷಿಕೋತ್ಸವದಲ್ಲಿ ಬಾರಿಸಿದೆವು. ಬೇಡ ಎಂದ ಗಿಟಾರಿನವನನ್ನು ಪಪ್ಪನೇ ಕಳಿಸಿದ್ದಂತೆ. ಪುಟ್ಟ ಮಕ್ಕಳ ಹುಲಿವೇಷದ ನಂತರ, ಸೀರೆ ಪ್ರದರ್ಶನದ ಮೊದಲು. ಎರಡನೇ ಸಾಲಿನಲ್ಲಿ ಪಪ್ಪ ಕೂತಿದ್ದರು, ಎರಡೂ ಕೈ ಮಂಡಿಯ ಮೇಲೆ. ಜನ ಕಿವಿ ಮುಚ್ಚಿ ನಕ್ಕರು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಮೂರನೆಯದು ಬುರೈಮಿಯಲ್ಲಿ, ಊರಿನವರೊಬ್ಬರ ಅಂಗಡಿಯ ವಾರ್ಷಿಕೋತ್ಸವ. ಒಂದೂವರೆ ಹಾಡಿಗೆ ಯಾರೋ ಪ್ಲಗ್ಗು ಕಿತ್ತರು, ಮತ್ತೆ ಹಾಕಲು ಗಿಟಾರಿನವ ಕೇಳಲಿಲ್ಲ. ಹನ್ನೆರಡನೇ ತರಗತಿ ಮುಗಿಯಿತು. ಗಂಡುಹುಡುಗರು ಕಾಲೇಜಿಗೆ ಊರಿಗೆ ಹೋಗಬೇಕೆಂಬುದು ಅಲ್ಲಿಯ ನಿಯಮದಂತೆ ಇತ್ತು; ಹೋದೆವು. ನನ್ನ ನಾಲ್ಕನೇ ಹಾಡು ನಿಜವಾಯಿತು, ಆದರೆ ಅಷ್ಟು ಫಾಸ್ಟಾಗಿ ಅಲ್ಲ.

ಆ ಶುಕ್ರವಾರದ ನಂತರ ನಾನು ಅವರ ಮನೆಗೆ ಶುಕ್ರವಾರ ಹೋಗುವುದನ್ನು ಬಿಟ್ಟಿದ್ದೆ. ಬೇರೆ ದಿನ ಹೋದರೂ ಬಾಗಿಲಲ್ಲೇ ಮಾತು. ಪಪ್ಪನ ಪ್ರಶ್ನೆ ಮಾತ್ರ ಅದೇ: ನಾಲ್ಕು ತಂತಿ ಎಲ್ಲಿವರೆಗೆ ಬಂತು?

ಓದು ಮುಗಿಸಿ ನಾನೂ ಗಿಟಾರಿನವನೂ ಒಮಾನಿಗೇ ಕೆಲಸಕ್ಕೆ ಬಂದೆವು. ಡ್ರಮ್ಮಿನವ ಬರಲಿಲ್ಲ, ಊರಲ್ಲಿ ಅವನದೇ ಗ್ಯಾರೇಜು. ಗಿಟಾರಿನವನಿಗೆ ಮದುವೆಯಾಯಿತು, ಅಲ್ ಮಬೇಲಾದಲ್ಲಿ ಮನೆ ಮಾಡಿದ. ನಿವೃತ್ತರಾದ ಪಪ್ಪ ಅಲ್ಲೇ ಉಳಿದರು, ಈಗ ಅವರು ಮಗನ ವೀಸಾದ ಮೇಲೆ. ಕಳೆದ ವರ್ಷ ತೀರಿಕೊಂಡರು. ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಮಾಡಿಸಿದ್ದು ನಾನು. ಪ್ರತಿ ಕಾಗದಕ್ಕೆ ಐದೈದು ಜೆರಾಕ್ಸು ಇಟ್ಟುಕೊಳ್ಳುವವನಿಗೆ ಅಂಥ ಕೆಲಸದಲ್ಲಿ ಮಾತ್ರ ಬೆಲೆ.

ಅವರೆಲ್ಲ ಊರಿನಿಂದ ವಾಪಸಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಬಾಗಿಲು ತೆಗೆದ ಮಗಳು ಫೋನಿನಿಂದ ತಲೆಯೆತ್ತದೆ, “ಡ್ಯಾಡ್ ಇಸ್ ಅಪ್‌ಸ್ಟೇರ್ಸ್, ಅಂಕಲ್,” ಎಂದಳು. ಮೇಲಿನ ಕೋಣೆಯಲ್ಲಿ ಅವನು ಪಪ್ಪನ ಬಟ್ಟೆ ಮಡಚುತ್ತಿದ್ದ. ಮೇಜಿನ ಮೇಲೆ ಅದೇ ಟಿನ್ನು. ನಾನು ಕೂರಲೂ ಇಲ್ಲ.

“ಆ ಕ್ಯಾಸೆಟ್ಟಿಗೆ ಟೇಪು ಹಚ್ಚಿದ್ದು ನಾನು,” ಎಂದೆ.

ಅವನು ಅಂಗಿ ಮಡಚುವುದನ್ನು ನಿಲ್ಲಿಸಲಿಲ್ಲ.

“ಗೊತ್ತುಂಟು ಮಾರಾಯ. ಸೆಲ್ಲೋಟೇಪಿನ ಮೂಲೆ ಮಡಚಿ ಹಚ್ಚುವವ ಸೀಬ್‌ನಲ್ಲೇ ನೀನೊಬ್ಬ.”

ಹೌದು. ಆಮೇಲೆ ಕೀಳಲು ಸುಲಭವಾಗಲಿ ಎಂದು ನಾನು ಮೂಲೆಯನ್ನು ಯಾವಾಗಲೂ ಒಳಗೆ ಮಡಚುತ್ತೇನೆ. ಪುಸ್ತಕಕ್ಕೆ ಬೈಂಡು ಹಾಕಿದರೂ, ಅವರ ಮನೆಯ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದರೂ.

“ಪಪ್ಪನಿಗೆ?”

“ಅವರೇ ತೋರಿಸಿದ್ದು ನನಗೆ, ನೀನು ಹೋದ ಮೇಲೆ. ‘ಅವನಾಗಿ ಹೇಳ್ಲಿ, ನೀನು ಕೇಳ್ಬೇಡ’ ಅಂದ್ರು. ಕಾದ್ರು. ನೀನು ಶುಕ್ರವಾರ ಬರುವುದೇ ಬಿಟ್ಟೆ.”

“ನಿನಗೆ ಸಿಟ್ಟು ಬರ್ಲಿಲ್ವಾ?”

“ಬಂದದ್ದು ಹೋಗ್ಲಿಲ್ಲ ಈಗ್ಲೂ,” ಎಂದ ಅವನು ಬಹಳ ಸಾದಾ ದನಿಯಲ್ಲಿ. “ಕೂತ್ಕೋ. ಚಾ ಹೇಳ್ತೇನೆ.”

ಚಾ ಬಂತು. ಅವನು ಹೇಳಿದ್ದನ್ನು ಕೇಳುತ್ತ ನಾನು ಕುಡಿಯುವುದನ್ನು ಮರೆತೆ. ಆಮೇಲಿನ ಎಲ್ಲ ಮೊದಲ ಶುಕ್ರವಾರಗಳಲ್ಲೂ ಪಪ್ಪ ಆ ಕ್ಯಾಸೆಟ್ಟು ಹಾಕುತ್ತಿದ್ದರಂತೆ. ಹೆಂಡತಿಯ ಆ ಹದಿನೈದು ನಿಮಿಷ ಅವರಿಗೆ ಬಾಯಿಪಾಠ. ನಮ್ಮ ಹಾಡಿನ ಸದ್ದು ಕಡಿಮೆ ಮಾಡಿ, ಅದರ ಮೇಲೆ ಅವಳು ಹೇಳಿದ್ದನ್ನು ತಾವೇ ಹೇಳುತ್ತಿದ್ದರು, ಅವಳು ಕೆಮ್ಮಿದಲ್ಲಿ ಕೆಮ್ಮಿ. ನಮ್ಮ ಹಾಡುಗಳೇ ಗುರುತು. ಬಸ್ಸಿನ ಹಾಡು ಮುಗಿಯುವಾಗ ಬಾವಿಯ ವಿಷಯ ಮುಗಿಯಬೇಕು. ಏಸಿಯ ಹಾಡಿಗೆ ಅವಳ ತಂಗಿಯ ಮದುವೆ ಸಂಬಂಧ. ಕೊನೆಗೆ ಟಕ್ ಎಂದಾಗ ಸುಮ್ಮನಾಗಿ, ಉಳಿದದ್ದನ್ನು ಅವಳಿಗೆ ಬಿಡುತ್ತಿದ್ದರು. ನಮ್ಮ ಬ್ಯಾಂಡನ್ನು ಇಡೀ ಲೋಕದಲ್ಲಿ ಅಷ್ಟು ಸಲ ಕೇಳಿದವರು ಅವರೊಬ್ಬರೇ.

“ನಾನು ಸರಿಯಾಗಿ ಕೇಳ್ಲೇ ಇಲ್ಲ ಮಾರಾಯ,” ಎಂದ ಗಿಟಾರಿನವ. “ಪಪ್ಪ ಇದ್ದಾರಲ್ಲ, ಹೇಳ್ತಾರಲ್ಲ ಅಂತ. ಬರೆದಿಟ್ಟುಕೊಳ್ಳಬೇಕು ಅಂತ ಒಂದು ದಿನ ತೋಚಲಿಲ್ಲ. ನೀನು ಬರ್ತಾ ಇದ್ದಿದ್ರೆ ನೀನಾದ್ರೂ ಬರೆದಿಡ್ತಿದ್ದಿ. ನಿನಗೆ ಆ ಬುದ್ಧಿ ಉಂಟು.”

ಅವನು ಹಳೆಯ ಟೂ-ಇನ್-ವನ್ನು ತೆಗೆದ. ಕ್ಯಾಸೆಟ್ಟಿನ ತಲೆಯ ಮೇಲೆ ನನ್ನ ಸೆಲ್ಲೋಟೇಪು ಹಾಗೇ ಇತ್ತು, ಹಳದಿಯಾಗಿ, ಮೂಲೆ ಮಡಚಿಕೊಂಡು. ಅಷ್ಟು ಸುಲಭದಲ್ಲಿ ಕೀಳಬಹುದಾದದ್ದನ್ನು ಯಾರೂ ಕಿತ್ತಿರಲಿಲ್ಲ.

“ವನ್, ಟೂ, ತ್ರೀ, ಫೋರ್,” ಎಂದ ಹದಿನಾರರ ಹುಡುಗ. ನಲವತ್ತು ದಾಟಿದವನು ಸದ್ದು ಕಡಿಮೆ ಮಾಡಿ, ಕಣ್ಣು ಮುಚ್ಚಿ, ಅದರ ಮೇಲೆ ಹೇಳತೊಡಗಿದ. ಅವನು ಕೊಂಕಣಿಯಲ್ಲಿ ಹೇಳಿದ್ದು ನನಗೆ ಅರ್ಧ ತಿಳಿಯಿತು. ಬಾವಿಯ ನೀರು ಈ ಸಲ ಬೇಗ ತಳ ಕಂಡಿತು. ಹೊಸ ಹಗ್ಗ ತಂದಾಯಿತು. ತಂಗಿಯನ್ನು ನೋಡಲು ಬಂದವರು ಚಾ ಕುಡಿದು ಹೋದವರು ಏನೂ ಹೇಳಿ ಕಳಿಸಿಲ್ಲ. ಅಲ್ಲಲ್ಲಿ ಪಪ್ಪನ ಹಾಗೆಯೇ ಕೆಮ್ಮಿದ.

ಮೂರನೆಯ ಹಾಡು ಶುರುವಾಯಿತು. ವಿಮಾನ ಇಳಿಯಿತು. ಅವನು ಹೇಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

“ಇಲ್ಲಿ ಎಂತದ್ದೋ ಇತ್ತು,” ಎಂದ. “ಎಂತದ್ದೋ ಹೇಳ್ತಿದ್ರು ಪಪ್ಪ ಇಲ್ಲಿ. ನಗಾಡ್ತಿದ್ರು.”

ಇಬ್ಬರೂ ಕಾದೆವು. ಅಲ್ಲಿ ನನ್ನ ಬಾಸ್ ಮಾತ್ರ ಇತ್ತು, ತಪ್ಪು ಸ್ವರದಲ್ಲಿ.